ಇಲ್ಲದ್ದನ್ನು ತುಂಬುವ ಔಷಧಿ: ಒಂದು ಚರಿತ್ರೆ, ಒಂದು ತಪ್ಪೊಪ್ಪಿಗೆ



ಈ ಸಲ ಮನೆಗೆ ಸುಣ್ಣಬಣ್ಣ ಮಾಡಿಸುವ ಸಲುವಾಗಿ ಪುಸ್ತಕದ ಬೀರುವನ್ನು ಖಾಲಿ ಮಾಡಬೇಕಾಯಿತು. ಕೆಳಗಿನ ಅರೆಯಲ್ಲಿ ನನ್ನ ಹಳೆಯ ನೋಟುಪುಸ್ತಕಗಳ ಕಟ್ಟು ಸಿಕ್ಕಿತು. ಪತ್ರಿಕೆಗಳಲ್ಲಿ ಬಂದ ವಿಜ್ಞಾನದ ಸುದ್ದಿಗಳನ್ನು ಕತ್ತರಿಸಿ ಅಂಟಿಸಿಡುತ್ತಿದ್ದ ಪುಸ್ತಕಗಳು ಅವು. ಸೋಮವಾರದ ಪ್ರಾರ್ಥನೆಯ ನಂತರ ನಾನು ಅವುಗಳಿಂದ ಒಂದು ಸುದ್ದಿಯನ್ನು ಆರಿಸಿ ಓದುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಪುಟ ತಿರುವುತ್ತ ಹೋದಂತೆ 1999ರ ಆರಂಭದ ಒಂದು ತುಣುಕು ಕಣ್ಣಿಗೆ ಬಿತ್ತು. ಅದರ ಅಂಚಿನಲ್ಲಿ ನನ್ನದೇ ಕೈಬರಹದಲ್ಲಿ, ಕೆಂಪು ಶಾಯಿಯಲ್ಲಿ, 'ಐದು ವರ್ಷ?' ಎಂದು ಬರೆದಿತ್ತು. ಅದನ್ನು ನೋಡಿ ಕುರ್ಚಿ ಎಳೆದುಕೊಂಡು ಕುಳಿತುಬಿಟ್ಟೆ. ಈ ಲೇಖನಕ್ಕೆ ಆ ತುಣುಕೇ ಕಾರಣ.

ಸುದ್ದಿ ಇಷ್ಟು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಲೀ ಸ್ವೀನಿ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ 1998ರ ಡಿಸೆಂಬರಿನಲ್ಲಿ ಒಂದು ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದ್ದರು. ನಿರಪಾಯಕಾರಿಯಾದ ಒಂದು ವೈರಸ್ಸಿನ ಮೂಲಕ, ಬೆಳವಣಿಗೆಗೆ ಪ್ರೇರಣೆ ಕೊಡುವ ಒಂದು ಪ್ರೋಟೀನಿನ ಜೀನನ್ನು ಇಲಿಗಳ ಕಾಲಿನ ಸ್ನಾಯುವಿಗೆ ಸೇರಿಸಿದ್ದರು. ಎಳೆಯ ಇಲಿಗಳ ಸ್ನಾಯುವಿನ ಬಲ ಶೇಕಡಾ 14ರಷ್ಟು ಹೆಚ್ಚಿತು. ಮುದಿ ಇಲಿಗಳಲ್ಲಿ ಚಿಕಿತ್ಸೆ ಪಡೆದ ಕಾಲು ಪಡೆಯದ ಕಾಲಿಗಿಂತ ಶೇಕಡಾ 27ರಷ್ಟು ಬಲವಾಗಿತ್ತು. ಮುಪ್ಪಿನಿಂದ ಸವೆಯಬೇಕಾಗಿದ್ದ ಸ್ನಾಯು ಸವೆಯಲೇ ಇಲ್ಲ. ಆ ಪ್ರೋಟೀನಿನ ಹೆಸರು 'ಇನ್ಸುಲಿನ್‌ನಂಥ ಬೆಳವಣಿಗೆಯ ಅಂಶ - 1'. ಚಿಕ್ಕದಾಗಿ ಐಜಿಎಫ್-1.

ಆ ವರ್ಷ ನಮ್ಮ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಹೆಸರು ಬರೆಯುವುದಿಲ್ಲ; ಅವನ ಜೊತೆಯಲ್ಲಿ ಓದಿದವರಿಗೆ ಹೆಸರು ಬೇಕಾಗಿಯೂ ಇಲ್ಲ. ಅವನನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿ ತಂದವರು, ಮೆಟ್ಟಿಲ ಬಳಿ ಇಬ್ಬರು ಸೇರಿ ಎತ್ತಿಕೊಂಡು ಹೋದವರು ಈ ಪುಟವನ್ನು ಓದುವವರಲ್ಲಿಯೇ ಇದ್ದಾರೆ. ಅವನಿಗಿದ್ದುದು ಡುಶೆನ್ ಎಂಬ ಸ್ನಾಯುಕ್ಷಯ. ಗಂಡುಮಕ್ಕಳಲ್ಲಿ ಎಳವೆಯಲ್ಲೇ ಕಾಣಿಸಿಕೊಂಡು, ಮೊದಲು ಕಾಲಿನ, ಆಮೇಲೆ ಕೈಯ, ಕೊನೆಗೆ ಉಸಿರಾಟದ ಮತ್ತು ಹೃದಯದ ಸ್ನಾಯುಗಳನ್ನು ತಿನ್ನುತ್ತ ಬರುವ ಕಾಯಿಲೆ. ಅವನ ತಂದೆ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಅವರು ಶುಲ್ಕ ಕಟ್ಟಲು ಬಂದ ದಿನ ನಾನು ಈ ತುಣುಕನ್ನು ಅವರಿಗೆ ಓದಿ ಹೇಳಿದೆ. "ಎಷ್ಟು ದಿನಕ್ಕೆ ಬರಬಹುದು ಮೇಷ್ಟ್ರೇ?" ಎಂದು ಕೇಳಿದರು. ನಾನು, ವಿಜ್ಞಾನದ ಮೇಷ್ಟ್ರು, ಯೋಚಿಸದೆ ಹೇಳಿದೆ: "ಇನ್ನೊಂದು ಐದು ವರ್ಷ ಅಂದುಕೊಳ್ಳಿ."

ಆ ಮಾತಿನ ಬೆಲೆ ಏನಾಯಿತೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು ಆ ಪ್ರೋಟೀನಿನ ಚರಿತ್ರೆಯನ್ನು ಹೇಳಬೇಕು. ಅದನ್ನು ಅಂದೇ ಸರಿಯಾಗಿ ಓದಿಕೊಂಡಿದ್ದರೆ ನಾನು ಹಾಗೆ ಹೇಳುತ್ತಿರಲಿಲ್ಲ.

ಅಣ್ಣನ ಕಥೆ

ಐಜಿಎಫ್ ಇನ್ಸುಲಿನ್ನಿನ ತಮ್ಮನೆಂದು ತಿಳಿದುಕೊಳ್ಳಿ. ಆದ್ದರಿಂದ ಅಣ್ಣನಿಂದಲೇ ಆರಂಭಿಸೋಣ.

1889ರಲ್ಲಿ ಸ್ಟ್ರಾಸ್‌ಬರ್ಗ್ ನಗರದಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ಎಂಬಿಬ್ಬರು ನಾಯಿಯೊಂದರ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಮಧುಮೇಹ ಬಂತು. ಆ ಗ್ರಂಥಿಯಲ್ಲಿ ಏನೋ ಇದೆ, ಅದು ಇಲ್ಲವಾದರೆ ಸಕ್ಕರೆ ಕಾಯಿಲೆ ಎಂಬುದು ಅಂದೇ ಸ್ಪಷ್ಟವಾಯಿತು. ಆ 'ಏನೋ' ಕೈಗೆ ಸಿಗಲು ಇನ್ನೂ ಮೂವತ್ತೆರಡು ವರ್ಷ ಬೇಕಾಯಿತು. 1921ರಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ, ಮೆಕ್ಲಿಯಾಡ್ ಅವರ ಪ್ರಯೋಗಶಾಲೆಯಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅದನ್ನು ಹಿಡಿದರು. ಕಾಲಿಪ್ ಅದನ್ನು ಶುದ್ಧಗೊಳಿಸಿದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗನಿಗೆ ಅದನ್ನು ಕೊಟ್ಟರು. ಆ ಹುಡುಗನ ತೂಕ ಆಗ ಸುಮಾರು 30 ಕಿಲೋ ಮಾತ್ರ. ಮೊದಲ ಚುಚ್ಚುಮದ್ದು ಅಷ್ಟಾಗಿ ಫಲಿಸಲಿಲ್ಲ. ಹನ್ನೆರಡು ದಿನಗಳ ಬಳಿಕ ಕಾಲಿಪ್ ಶುದ್ಧಗೊಳಿಸಿದ ದ್ರವವನ್ನು ಕೊಟ್ಟಾಗ ರಕ್ತದ ಸಕ್ಕರೆ ಇಳಿಯಿತು, ಹುಡುಗ ಚೇತರಿಸಿಕೊಂಡ. ಹಕ್ಕುಸ್ವಾಮ್ಯವನ್ನು ಅವರು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಿ. ಇನ್ಸುಲಿನ್ ಇಲ್ಲದ ಮಕ್ಕಳು ಸಾಯುತ್ತಿದ್ದುದು ಮೈ ಕರಗಿ. ತಿಂದ ಅನ್ನ ಸಕ್ಕರೆಯಾಗಿ ಮೂತ್ರದಲ್ಲಿ ಹರಿದುಹೋಗುತ್ತಿತ್ತು; ದೇಹ ತನ್ನ ಕೊಬ್ಬನ್ನೂ ಸ್ನಾಯುವನ್ನೂ ತಾನೇ ತಿಂದುಕೊಳ್ಳುತ್ತಿತ್ತು. ಊಟವಾದ ಮೇಲೆ ಇನ್ಸುಲಿನ್ನಿನ ಅಪ್ಪಣೆಯಂತೆ ರಕ್ತದ ಸಕ್ಕರೆಯನ್ನು ಹೀರಿಕೊಳ್ಳುವ ಅತಿ ದೊಡ್ಡ ಉಗ್ರಾಣ ನಮ್ಮ ಸ್ನಾಯುಗಳೇ. ಹೀಗೆ ಸಕ್ಕರೆ ಕಾಯಿಲೆಗೂ ಸ್ನಾಯು ಸವೆಯುವುದಕ್ಕೂ ಆರಂಭದಿಂದಲೇ ನಂಟು.

ನಮ್ಮ ಮನೆಯಲ್ಲಿಯೂ ಈ ಕಥೆಯ ಒಂದು ಅಧ್ಯಾಯ ನಡೆದಿದೆ. ನನ್ನ ಸೋದರಮಾವನಿಗೆ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಬಂತು. ಅಂಗಿ ಮೈಮೇಲೆ ಜೋತಾಡುವಷ್ಟು ಬಡವಾಗಿದ್ದ. ವೈದ್ಯರು ಇನ್ಸುಲಿನ್ ಬರೆದುಕೊಟ್ಟರು. ಮನೆಯಲ್ಲಿ ಫ್ರಿಜ್ಜಿಲ್ಲ. ಅಡಿಗೆಮನೆಯ ಮೂಲೆಯಲ್ಲಿ ಮರಳು ತುಂಬಿದ ಮಡಕೆ, ಅದಕ್ಕೆ ದಿನಾ ಎರಡು ಹೊತ್ತು ನೀರು, ಒಳಗೆ ಇನ್ಸುಲಿನ್ ಸೀಸೆ. ಗಾಜಿನ ಸಿರಿಂಜನ್ನು ಅಜ್ಜಿ ಬೇರೆ ಪಾತ್ರೆಯಲ್ಲಿ ಕುದಿಸುತ್ತಿದ್ದಳು. ಆ ಕಾಲದ ಇನ್ಸುಲಿನ್ ದನದ, ಹಂದಿಯ ಗ್ರಂಥಿಯಿಂದ ತೆಗೆದದ್ದು. ಈ ವಿಷಯ ಯಾರದೋ ಬಾಯಿಂದ ಅಜ್ಜಿಯ ಕಿವಿಗೆ ಬಿದ್ದಾಗ ಮನೆ ಒಂದು ಗಳಿಗೆ ಸ್ತಬ್ಧವಾಯಿತು. ಮಡಿ ಹೆಂಗಸಾದ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಗನನ್ನ ಉಳಿಸೋಕೆ ಬಂದದ್ದು ಮೈಲಿಗೆ ಹ್ಯಾಗಾದೀತು?" ಎಂದು ಹೇಳಿ ಸಿರಿಂಜು ಕುದಿಸಲು ಎದ್ದಳು. ಮಾವ ಅರವತ್ತೊಂದು ವರ್ಷ ಬದುಕಿದ.

1955ರ ಹೊತ್ತಿಗೆ ಕೇಂಬ್ರಿಜ್ಜಿನ ಫ್ರೆಡರಿಕ್ ಸ್ಯಾಂಗರ್ ಇನ್ಸುಲಿನ್ ಎಂಬ ಸರದಲ್ಲಿ ಯಾವ ಮಣಿಯ ಪಕ್ಕದಲ್ಲಿ ಯಾವ ಮಣಿಯಿದೆ ಎಂಬುದನ್ನು ಪೂರ್ತಿಯಾಗಿ ಬಿಡಿಸಿದರು. ಒಟ್ಟು 51 ಅಮೈನೋ ಆಮ್ಲಗಳು. 21ರ ಒಂದು ಎಳೆ, 30ರ ಇನ್ನೊಂದು ಎಳೆ. ಈ ಸಾಧನೆಗೆ 1958ರಲ್ಲಿ ನೊಬೆಲ್ ಬಂತು. 1978ರಲ್ಲಿ ಬ್ಯಾಕ್ಟೀರಿಯಾದ ಹೊಟ್ಟೆಯಲ್ಲಿ ಮನುಷ್ಯನ ಇನ್ಸುಲಿನ್ ತಯಾರಿಸುವ ವಿದ್ಯೆ ಕೈಗೂಡಿತು. 1982ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು. ನಮ್ಮ ಬೆಂಗಳೂರಿನ ಬಯೋಕಾನ್ ಸಂಸ್ಥೆ 2004ರಲ್ಲಿ ಪಿಚಿಯಾ ಎಂಬ ಯೀಸ್ಟಿನಲ್ಲಿ ಬೆಳೆಸಿದ ಮಾನವ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ಯೀಸ್ಟ್ ಎಂದರೆ ಹುದುಗು, ಬ್ರೆಡ್ಡನ್ನು ಉಬ್ಬಿಸುವ ಜಾತಿಯದು. ಅಜ್ಜಿ ಇದ್ದಿದ್ದರೆ ಇನ್ನೊಂದು ಗಳಿಗೆಯೂ ಯೋಚಿಸಬೇಕಾಗುತ್ತಿರಲಿಲ್ಲ.

ತಮ್ಮ ಸಿಕ್ಕಿದ ಬಗೆ

ಇನ್ನು ತಮ್ಮನ ವಿಷಯ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಬೆಳವಣಿಗೆಯ ಹಾರ್ಮೋನನ್ನು ಸುರಿಸುತ್ತದೆಂದು ನಿಮಗೆ ಪಾಠ ಮಾಡಿದ್ದೇನೆ. ಆ ಹಾರ್ಮೋನು ನೇರವಾಗಿ ಎಲುಬಿಗೆ ಹೋಗಿ 'ಬೆಳೆ' ಎಂದು ಹೇಳುತ್ತದೆಂದೇ ಬಹುಕಾಲ ತಿಳಿಯಲಾಗಿತ್ತು. 1957ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಸಾಮನ್ ಮತ್ತು ಡಾಘಡೆ ಎಂಬಿಬ್ಬರು ಇದನ್ನು ಪರೀಕ್ಷಿಸಿದರು. ಇಲಿಯ ಮೃದ್ವಸ್ಥಿಯ ಚೂರುಗಳನ್ನು ಗಾಜಿನ ಪಾತ್ರೆಯಲ್ಲಿಟ್ಟು, ಅವು ಎಷ್ಟು ಸಲ್ಫೇಟನ್ನು ಹೀರಿಕೊಳ್ಳುತ್ತವೆ ಎಂದು ಅಳೆದರು, ಹೀರಿಕೊಂಡಷ್ಟೂ ಬೆಳವಣಿಗೆ. ಬೆಳವಣಿಗೆಯ ಹಾರ್ಮೋನನ್ನೇ ಪಾತ್ರೆಗೆ ಸುರಿದರೆ ಹೆಚ್ಚೇನೂ ಆಗಲಿಲ್ಲ. ಪಿಟ್ಯುಟರಿ ತೆಗೆದ ಇಲಿಯ ರಕ್ತದ್ರವವನ್ನು ಸುರಿದರೂ ಆಗಲಿಲ್ಲ. ಆದರೆ ಅಂಥದೇ ಇಲಿಗೆ ಮೊದಲು ಹಾರ್ಮೋನು ಚುಚ್ಚಿ, ಆಮೇಲೆ ಅದರ ರಕ್ತದ್ರವವನ್ನು ಸುರಿದಾಗ ಚೂರುಗಳು ಬೆಳೆಯತೊಡಗಿದವು. ಎಂದರೆ ಹಾರ್ಮೋನಿಗೂ ಎಲುಬಿಗೂ ನಡುವೆ ಇನ್ನೊಬ್ಬ ಇದ್ದಾನೆ.

ನಮ್ಮ ಶಾಲೆಯ ಮಾತಿನಲ್ಲಿ ಹೇಳುವುದಾದರೆ, ಹೆಡ್‌ಮಾಸ್ತರರು ತಮ್ಮ ಕೋಣೆಯಲ್ಲಿ ಕುಳಿತು ನೋಟೀಸು ಬರೆಯುತ್ತಾರೆ. ಅದನ್ನು ತರಗತಿಯಿಂದ ತರಗತಿಗೆ ಒಯ್ಯುವವನು ಜವಾನ. ಈ ಜವಾನ ಬಹುಪಾಲು ತಯಾರಾಗುವುದು ಯಕೃತ್ತಿನಲ್ಲಿ.

ಅತ್ತ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಫ್ರೋಶ್ ಎಂಬ ವೈದ್ಯರು ಬೇರೊಂದು ದಾರಿಯಿಂದ ಅದೇ ಜಾಗಕ್ಕೆ ಬರುತ್ತಿದ್ದರು. ರಕ್ತದ್ರವದಲ್ಲಿ ಇನ್ಸುಲಿನ್ನಿನಂತೆ ವರ್ತಿಸುವ ಶಕ್ತಿಯನ್ನು ಅಳೆದು, ಇನ್ಸುಲಿನ್ನನ್ನು ಹಿಡಿದುಹಾಕುವ ಪ್ರತಿಕಾಯಗಳನ್ನು ಸೇರಿಸಿದರೆ ಆ ಶಕ್ತಿ ಇಲ್ಲವಾಗಬೇಕಷ್ಟೆ? ಇಲ್ಲವಾಗಲಿಲ್ಲ, ಬಹುಪಾಲು ಉಳಿದೇ ಇತ್ತು. 1963ರಲ್ಲಿ ಇದನ್ನು ಪ್ರಕಟಿಸಿದರು. ಒಂದು ಕಡೆ ಎಲುಬನ್ನು ಬೆಳೆಸುವ ಅಜ್ಞಾತ ವಸ್ತು, ಇನ್ನೊಂದು ಕಡೆ ಸಕ್ಕರೆಯನ್ನು ಇಳಿಸುವ ಅಜ್ಞಾತ ವಸ್ತು. ಎರಡೂ ಒಂದೇ ಎಂದು ಖಚಿತವಾದದ್ದು ಜ್ಯೂರಿಕ್‌ನವರೇ ಆದ ರಿಂಡರ್‌ಕ್ನೆಕ್ಟ್ ಮತ್ತು ಹಂಬೆಲ್ 1978ರಲ್ಲಿ ಅದರ 70 ಅಮೈನೋ ಆಮ್ಲಗಳ ಸಾಲನ್ನು ಬಿಡಿಸಿದಾಗ. ಅದು ಇನ್ಸುಲಿನ್ನಿನ ಪೂರ್ವರೂಪವನ್ನು ಸುಮಾರು ಅರ್ಧದಷ್ಟು ಹೋಲುತ್ತಿತ್ತು. ಹಾಗಾಗಿಯೇ 'ಇನ್ಸುಲಿನ್‌ನಂಥ' ಎಂಬ ಹೆಸರು.

ಈ ಅಣ್ಣತಮ್ಮಂದಿರ ಹೋಲಿಕೆ ಒಂದು ಔಷಧಿಯನ್ನೂ ಕೊಟ್ಟಿದೆ. ಚುಚ್ಚಿದ ಇನ್ಸುಲಿನ್ ಅಣುಗಳು ಚರ್ಮದ ಕೆಳಗೆ ಆರಾರು ಗುಂಪುಗೂಡಿ ಕುಳಿತುಬಿಡುತ್ತವೆ. ಬಿಡಿಬಿಡಿಯಾಗಿ ರಕ್ತಕ್ಕೆ ಸೇರಲು ತಡವಾಗುತ್ತದೆ. ಐಜಿಎಫ್ ಹೀಗೆ ಗುಂಪುಗೂಡುವುದಿಲ್ಲ. ಇನ್ಸುಲಿನ್ನಿನ ಉದ್ದದ ಎಳೆಯಲ್ಲಿ 28ನೆಯ ಜಾಗದಲ್ಲಿ ಪ್ರೋಲಿನ್, 29ನೆಯದರಲ್ಲಿ ಲೈಸಿನ್ ಇದ್ದರೆ, ಐಜಿಎಫ್‌ನಲ್ಲಿ ಅವೆರಡೂ ಅದಲುಬದಲು. ಎಲೈ ಲಿಲ್ಲಿ ಕಂಪನಿಯ ವಿಜ್ಞಾನಿಗಳು ತಮ್ಮನನ್ನು ನೋಡಿ ಅಣ್ಣನಲ್ಲಿಯೂ ಆ ಎರಡು ಮಣಿಗಳನ್ನು ಅದಲುಬದಲು ಮಾಡಿದರು. 1996ರಲ್ಲಿ ಅನುಮತಿ ಪಡೆದ ಆ 'ಲಿಸ್‌ಪ್ರೊ' ಊಟಕ್ಕೆ ಕುಳಿತಾಗ ಚುಚ್ಚಿಕೊಂಡರೂ ಸಾಕು, ಬೇಗ ಕೆಲಸ ಮಾಡುತ್ತದೆ. ಮಾವನ ಕಾಯಿಲೆಯನ್ನು ಆಸ್ತಿಯಂತೆ ಪಡೆದಿರುವ ನಾನೂ ಈಗ ಅದನ್ನೇ ಚುಚ್ಚಿಕೊಳ್ಳುತ್ತೇನೆ.

ಜವಾನನಿಲ್ಲದ ಮಕ್ಕಳು

ಐಜಿಎಫ್ ನಿಜವಾಗಿ ಯಾರಿಗೆ ಬೇಕಾಗಿತ್ತು? ಉತ್ತರ ಇಸ್ರೇಲಿನಿಂದ ಬಂತು. 1966ರಲ್ಲಿ ಮಕ್ಕಳ ವೈದ್ಯರಾದ ಜ್ವಿ ಲಾರಾನ್ ಮತ್ತು ಅವರ ಸಹೋದ್ಯೋಗಿಗಳು, ಯೆಮನ್ ಮೂಲದ ಯಹೂದಿ ಕುಟುಂಬವೊಂದರ ಮೂವರು ಒಡಹುಟ್ಟಿದವರ ಬಗ್ಗೆ ಬರೆದರು. ಮಕ್ಕಳು ತೀರ ಕುಳ್ಳು. ಆದರೆ ರಕ್ತದಲ್ಲಿ ಬೆಳವಣಿಗೆಯ ಹಾರ್ಮೋನು ಕಡಿಮೆಯಿರುವ ಬದಲು ಹೇರಳವಾಗಿತ್ತು. ಹೆಡ್‌ಮಾಸ್ತರರು ನೋಟೀಸಿನ ಮೇಲೆ ನೋಟೀಸು ಬರೆಯುತ್ತಿದ್ದಾರೆ, ಒಯ್ಯುವವನೇ ಇಲ್ಲ. ಹಾರ್ಮೋನನ್ನು ಗುರುತಿಸುವ ಗ್ರಾಹಕದಲ್ಲಿ ದೋಷವಿದ್ದುದರಿಂದ ಐಜಿಎಫ್ ತಯಾರಾಗುತ್ತಿರಲಿಲ್ಲ. ಆ ಗ್ರಾಹಕದ ಜೀನಿನ ದೋಷ 1989ರಲ್ಲಿ ಪತ್ತೆಯಾಯಿತು.

ಇಂಥ ಮಕ್ಕಳಿಗೆ ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ಐಜಿಎಫ್-1 ಕೊಟ್ಟಾಗ ಬೆಳವಣಿಗೆ ವರ್ಷಕ್ಕೆ ಸರಾಸರಿ 2.8 ಸೆಂಟಿಮೀಟರಿನಿಂದ ಮೊದಲ ವರ್ಷದಲ್ಲಿ 8 ಸೆಂಟಿಮೀಟರಿಗೆ ಏರಿತು. 2005ರ ಆಗಸ್ಟಿನಲ್ಲಿ ಮೆಕಾಸರ್ಮಿನ್ ಎಂಬ ಹೆಸರಿನಲ್ಲಿ ಅದಕ್ಕೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅಣ್ಣನ ಗುಣ ತಮ್ಮನಿಗೂ ಇದೆ. ಸಕ್ಕರೆ ವಿಪರೀತ ಇಳಿದೀತೆಂದು ಊಟದ ಆಸುಪಾಸಿನಲ್ಲೇ ಚುಚ್ಚಬೇಕು. ಅದೇ ವರ್ಷದ ಡಿಸೆಂಬರಿನಲ್ಲಿ ಇನ್ನೊಂದು ರೂಪಕ್ಕೂ ಅನುಮತಿ ಸಿಕ್ಕಿತು. ರಕ್ತದಲ್ಲಿ ಐಜಿಎಫ್ ಒಂಟಿಯಾಗಿ ತಿರುಗಿದರೆ ನಿಮಿಷಗಳಲ್ಲಿ ಮಾಯವಾಗುತ್ತದೆ. ಜೊತೆಗಾರ ಪ್ರೋಟೀನೊಂದರ ಕೈಹಿಡಿದರೆ ಗಂಟೆಗಟ್ಟಲೆ ಉಳಿಯುತ್ತದೆ. ಆ ಜೋಡಿಯನ್ನೇ ಕಾರ್ಖಾನೆಯಲ್ಲಿ ಕಟ್ಟಿ ಕೊಡುವ ಉಪಾಯ ಅದು. ಹಕ್ಕುಸ್ವಾಮ್ಯದ ವ್ಯಾಜ್ಯವಾಗಿ, 2007ರಲ್ಲಿ ರಾಜಿಯಾಗಿ, ಕುಳ್ಳು ಮಕ್ಕಳಿಗೆ ಅದನ್ನು ಮಾರುವುದು ನಿಂತಿತು. ಒಂದು ಡಾಲರಿಗೆ ಹಕ್ಕು ಬಿಟ್ಟುಕೊಟ್ಟ ಟೊರಾಂಟೊದವರ ಕಾಲ ಆ ಹೊತ್ತಿಗೆ ಬಹಳ ಹಿಂದೆ ಸರಿದಿತ್ತು.

ಇದ್ದವರಿಗೆ ಇನ್ನಷ್ಟು

ಇಲ್ಲದವರಿಗೆ ಕೊಟ್ಟಾಗ ಫಲಿಸಿತು. ಸಹಜವಾಗಿಯೇ, ಇದ್ದವರಿಗೆ ಇನ್ನಷ್ಟು ಕೊಟ್ಟರೆ ಹೇಗೆ ಎಂಬ ಆಸೆ ಹುಟ್ಟಿತು. ಸೋಲುಗಳ ಸಾಲು ಆರಂಭವಾಗುವುದು ಇಲ್ಲಿಂದ.

ಮೊದಲು ಮಧುಮೇಹ. 1990ರ ದಶಕದಲ್ಲಿ ಮಧುಮೇಹಿಗಳಿಗೆ ಐಜಿಎಫ್-1 ಕೊಟ್ಟು ನೋಡಿದರು. ಸಕ್ಕರೆ ಇಳಿಯಿತು, ಇನ್ಸುಲಿನ್ನಿನ ಅಗತ್ಯವೂ ತಗ್ಗಿತು. ಆದರೆ ಮೈ ಬಾವು, ಕೀಲುನೋವು; ಎಲ್ಲಕ್ಕಿಂತ ಮಿಗಿಲಾಗಿ, ಕಣ್ಣಿನ ಅಕ್ಷಿಪಟಲದ ಕಾಯಿಲೆ ಉಲ್ಬಣಿಸುತ್ತದೆಂಬ ಭಯ. ಈ ಭಯಕ್ಕೆ ಹಳೆಯ ಆಧಾರವಿತ್ತು. 1930ರಲ್ಲಿ ಅರ್ಜೆಂಟೀನಾದ ಹುಸೈ, ಮೇದೋಜೀರಕ ಗ್ರಂಥಿ ತೆಗೆದ ನಾಯಿಯ ಪಿಟ್ಯುಟರಿಯನ್ನೂ ತೆಗೆದರೆ ಮಧುಮೇಹ ಸೌಮ್ಯವಾಗುತ್ತದೆಂದು ತೋರಿಸಿದ್ದರು. ಪಿಟ್ಯುಟರಿಯ ಮೇಲಿನ ಸಂಶೋಧನೆಗೆ 1947ರ ನೊಬೆಲ್ ಅವರಿಗೆ ಬಂತು. 1953ರಲ್ಲಿ ಡೆನ್ಮಾರ್ಕಿನ ಪೌಲ್ಸೆನ್, ಪಿಟ್ಯುಟರಿ ನಾಶವಾದ ಮಧುಮೇಹಿ ಮಹಿಳೆಯೊಬ್ಬಳ ಅಕ್ಷಿಪಟಲದ ಕಾಯಿಲೆ ತಾನಾಗಿ ಹಿಮ್ಮೆಟ್ಟಿದ್ದನ್ನು ವರದಿ ಮಾಡಿದ್ದರು. ಬೆಳವಣಿಗೆಯ ಪ್ರೇರಣೆ ಕಡಿಮೆಯಾದಾಗ ಕಣ್ಣು ಉಳಿಯಿತೆಂದರೆ, ಹೆಚ್ಚಿಸಿದಾಗ ಏನಾದೀತು? 1990ರ ದಶಕ ಮುಗಿಯುವ ಹೊತ್ತಿಗೆ ಈ ಪ್ರಯತ್ನ ತಣ್ಣಗಾಯಿತು.

ಆಮೇಲೆ ನರ ಮತ್ತು ಸ್ನಾಯು. ನರಗಳು ಸಾಯುತ್ತ ಸ್ನಾಯುಗಳು ಸೊರಗುವ ಎಎಲ್‌ಎಸ್ ಎಂಬ ಕಾಯಿಲೆಗೆ ಐಜಿಎಫ್-1 ಕೊಟ್ಟ 266 ರೋಗಿಗಳ ಅಮೆರಿಕದ ಪರೀಕ್ಷೆ 1997ರಲ್ಲಿ ಆಶೆ ಹುಟ್ಟಿಸಿತು. ಮರುವರ್ಷ ಪ್ರಕಟವಾದ ಯುರೋಪಿನ 183 ರೋಗಿಗಳ ಪರೀಕ್ಷೆಯಲ್ಲಿ ಲಾಭ ಕಾಣಲಿಲ್ಲ. ನಿಜ ಯಾವುದೆಂದು ತೀರ್ಮಾನಿಸಲು 330 ರೋಗಿಗಳ ಮೂರನೆಯ ಪರೀಕ್ಷೆ ನಡೆಯಿತು. 2008ರಲ್ಲಿ ಬಂದ ಉತ್ತರ 'ಪ್ರಯೋಜನವಿಲ್ಲ'. ಮಯೋಟೋನಿಕ್ ಎಂಬ ಇನ್ನೊಂದು ಬಗೆಯ ಸ್ನಾಯುಕ್ಷಯದಲ್ಲಿ ಆ ಜೋಡಿ ಪ್ರೋಟೀನನ್ನು ಕೊಟ್ಟು ನೋಡಿದಾಗ, 2011ರ ವರದಿಯಂತೆ, ಮೈಯಲ್ಲಿ ಮಾಂಸ ಹೆಚ್ಚಿತು, ಬಲ ಹೆಚ್ಚಲಿಲ್ಲ. ಕೊನೆಗೆ ಡುಶೆನ್ ಹುಡುಗರ ಸರದಿ. 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹುಡುಗರು ಎತ್ತರ ಬೆಳೆದರು, ನಡಿಗೆ ಸುಧಾರಿಸಲಿಲ್ಲ. ನಾನು 'ಐದು ವರ್ಷ' ಎಂದ ಪ್ರಶ್ನೆಗೆ ಉತ್ತರ ಬರಲು ಇಪ್ಪತ್ತೊಂದು ವರ್ಷ ಹಿಡಿಯಿತು. ಬಂದ ಉತ್ತರವೂ 'ಇಲ್ಲ' ಎಂದೇ.

ಕಾರಣವನ್ನು ಈಗ ಸರಳವಾಗಿ ಹೇಳಬಹುದು. ಡುಶೆನ್ ಹುಡುಗರಲ್ಲಿ ಇಲ್ಲದಿರುವುದು ಐಜಿಎಫ್ ಅಲ್ಲವೇ ಅಲ್ಲ, ಡಿಸ್ಟ್ರೋಫಿನ್. ಸ್ನಾಯುಕೋಶದ ಗೋಡೆ ಸೆಳೆತಕ್ಕೆ ಹರಿಯದಂತೆ ಹಿಡಿದಿಡುವ ಪ್ರೋಟೀನು ಅದು. ತೊಲೆಯಿಲ್ಲದ ಮನೆಗೆ ಗಾರೆ ಎಷ್ಟು ಮೆತ್ತಿದರೇನು? ಮೈತುಂಬ ಐಜಿಎಫ್ ಹರಿಸಿದರೂ ಸ್ನಾಯು ಹರಿಯುವುದು ನಿಲ್ಲಲಿಲ್ಲ. ಬೋಸ್ಟನ್ನಿನ ಕುಂಕೆಲ್ ಅವರ ತಂಡ ಡಿಸ್ಟ್ರೋಫಿನ್ನನ್ನು ಗುರುತಿಸಿದ್ದು 1987ರಲ್ಲಿ, ನನ್ನ ತುಣುಕಿಗೆ ಹನ್ನೆರಡು ವರ್ಷ ಮೊದಲೇ. ಐಜಿಎಫ್‌ನಲ್ಲಿ 70 ಮಣಿಗಳಿದ್ದರೆ ಇದರಲ್ಲಿ 3,685. ಬ್ಯಾಕ್ಟೀರಿಯಾದಲ್ಲಿ ತಯಾರಿಸಿ ಸೀಸೆಗೆ ತುಂಬಿ ಚುಚ್ಚುವ ವಸ್ತುವಲ್ಲ. ಅದರ ಮೊಟಕುಗೊಳಿಸಿದ ಜೀನನ್ನು ವೈರಸ್ಸಿನ ಮೂಲಕ ಸೇರಿಸುವ ಚಿಕಿತ್ಸೆಗೆ 2023ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಯಕೃತ್ತು ವಿಫಲವಾಗಿ ರೋಗಿಗಳು ಸತ್ತ ಮೇಲೆ, 2025ರಲ್ಲಿ, ಅದರ ಬಳಕೆಗೆ ಬಿಗಿಯಾದ ಮಿತಿ ಹೇರಲಾಯಿತು. ಇಲ್ಲದ್ದನ್ನು ತುಂಬುವುದೂ ಎಲ್ಲೆಡೆ ಸುಲಭವೇನಲ್ಲ.

ಬೆಳವಣಿಗೆಗೂ ಬೆಲೆಯಿದೆ ಎಂಬುದಕ್ಕೆ ಇನ್ನೆರಡು ಸಾಕ್ಷಿಗಳಿವೆ. ಈಕ್ವೆಡಾರ್ ದೇಶದ ದಕ್ಷಿಣದ ಹಳ್ಳಿಗಳಲ್ಲಿ ಲಾರಾನ್ ದೋಷವಿರುವ ಸುಮಾರು ನೂರು ಜನರಿದ್ದಾರೆ. ಗೆವಾರಾ ಆಗಿರೆ ಎಂಬ ವೈದ್ಯರು ಅವರನ್ನು ಇಪ್ಪತ್ತೆರಡು ವರ್ಷ ಗಮನಿಸಿ, 2011ರಲ್ಲಿ ಸಂಗಡಿಗರೊಂದಿಗೆ ವರದಿ ಪ್ರಕಟಿಸಿದರು. ಆ ಕುಳ್ಳು ಜನರಲ್ಲಿ ಮಧುಮೇಹ ಒಬ್ಬರಿಗೂ ಇರಲಿಲ್ಲ. ಕ್ಯಾನ್ಸರ್ ಒಬ್ಬರಿಗೆ ಮಾತ್ರ ಬಂದಿತ್ತು, ಅದೂ ಮಾರಕವಾಗಿರಲಿಲ್ಲ. ಎತ್ತರ ಬೆಳೆದ ಅವರದೇ ಬಂಧುಗಳಲ್ಲಿ ಶೇಕಡಾ 17ರಷ್ಟು ಮಂದಿಗೆ ಕ್ಯಾನ್ಸರ್ ಬಂದಿತ್ತು. ಇನ್ನೊಂದು ಸಾಕ್ಷಿ ತೀರ ಇತ್ತೀಚಿನದು. ಥೈರಾಯ್ಡ್ ಕಾಯಿಲೆಯಿಂದ ಕಣ್ಣುಗುಡ್ಡೆ ಮುಂದೆ ಬರುವವರಿಗಾಗಿ, ಐಜಿಎಫ್‌ನ ಬಾಗಿಲನ್ನೇ ಮುಚ್ಚುವ ಒಂದು ಪ್ರತಿಕಾಯ ಔಷಧಿಗೆ 2020ರಲ್ಲಿ ಅನುಮತಿ ದೊರೆಯಿತು. ಅದರ ಅಡ್ಡಪರಿಣಾಮಗಳೇನು ಗೊತ್ತೇ? ಸ್ನಾಯು ಸೆಳೆತ ಮತ್ತು ರಕ್ತದ ಸಕ್ಕರೆಯ ಏರಿಕೆ. ಕೊಟ್ಟಾಗ ಅರ್ಥವಾಗದ್ದು ತಡೆದಾಗ ಅರ್ಥವಾಯಿತು: ಸ್ನಾಯು, ಸಕ್ಕರೆ ಎರಡನ್ನೂ ಈ ಜವಾನ ದಿನನಿತ್ಯ ನೋಡಿಕೊಳ್ಳುತ್ತಲೇ ಇದ್ದಾನೆ.

ಪ್ರಯತ್ನಗಳೆಲ್ಲ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಸ್ನಾಯು ಮಿತಿಮೀರಿ ಬೆಳೆಯದಂತೆ ತಡೆಯುವ ಮಯೋಸ್ಟಾಟಿನ್ ಎಂಬ ಪ್ರೋಟೀನು 1997ರಲ್ಲಿ ಪತ್ತೆಯಾಗಿತ್ತು. ಆ ತಡೆಯನ್ನು ಸಡಿಲಿಸುವ ಬಿಮಾಗ್ರುಮಾಬ್ ಎಂಬ ಪ್ರತಿಕಾಯವನ್ನು ಸ್ನಾಯು ಸವೆಯುವ ಒಂದು ಕಾಯಿಲೆಗೆ ಪ್ರಯೋಗಿಸಿದಾಗ ಅದು 2016ರಲ್ಲಿ ಸೋತಿತು. ಆದರೆ ಬೊಜ್ಜಿರುವ ಮಧುಮೇಹಿಗಳಿಗೆ ಅದನ್ನೇ ಕೊಟ್ಟ 2021ರ ವರದಿಯಲ್ಲಿ, 48 ವಾರಗಳಲ್ಲಿ ಕೊಬ್ಬು ಶೇಕಡಾ 20ರಷ್ಟು ಇಳಿದು, ಮಾಂಸಭಾಗ ಶೇಕಡಾ 3.6ರಷ್ಟು ಹೆಚ್ಚಿ, ಸಕ್ಕರೆಯ ಹತೋಟಿಯೂ ಸುಧಾರಿಸಿತ್ತು. ಒಂದು ಕಾಯಿಲೆಗೆ ಹೊರಟದ್ದು ಇನ್ನೊಂದರ ಬಾಗಿಲು ತಟ್ಟಿತು. ಅದು 75 ಜನರ ಸಣ್ಣ ಪರೀಕ್ಷೆ. ಎಷ್ಟು ವರ್ಷ ಎಂದು ಯಾರಾದರೂ ಕೇಳಿದರೆ ಈ ಸಲ ನಾನು ಬಾಯಿ ಬಿಡುವುದಿಲ್ಲ.

ಐದು ವರ್ಷದ ಲೆಕ್ಕ

ತುಣುಕು ಸಿಕ್ಕಿದ ಮೂರನೆಯ ದಿನ ಬಸ್ಸು ಹತ್ತಿ ಆ ತಂದೆಯನ್ನು ನೋಡಲು ಹೋದೆ. ಈಗ ಅವರಿಗೆ ಎಪ್ಪತ್ತೈದು ದಾಟಿದೆ. ಜಗಲಿಯಲ್ಲಿ ಕುಳಿತಿದ್ದರು, ಗುರುತು ಹಿಡಿದು ಎದ್ದು ನಿಂತರು. ಹುಡುಗ 2008ರಲ್ಲಿ ತೀರಿಕೊಂಡಾಗ ಹೋಗಿದ್ದೆ, ಅನಂತರ ಹೋಗಿರಲಿಲ್ಲ. ನೋಟುಪುಸ್ತಕವನ್ನು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಕೆಂಪು ಶಾಯಿಯ ಆ ಎರಡು ಪದಗಳನ್ನು ಬಹಳ ಹೊತ್ತು ನೋಡಿದರು.

ಆಮೇಲೆ ನನಗೆ ಗೊತ್ತಿರದ ಸಂಗತಿಯೊಂದನ್ನು ಹೇಳಿದರು. ನಾನು ಆ ಮಾತಾಡಿದ ಮರುವಾರವೇ ಅವರು ಅಂಚೆ ಕಚೇರಿಯಲ್ಲಿ ಐದು ವರ್ಷದ ಆರ್.ಡಿ. ಖಾತೆ ತೆರೆದಿದ್ದರಂತೆ. ತಿಂಗಳಿಗೆ ಇನ್ನೂರು ರೂಪಾಯಿ. ಔಷಧಿ ಬರುವ ಹೊತ್ತಿಗೆ ದುಡ್ಡು ಸಿದ್ಧವಾಗಿರಲೆಂದು. ಆ ನಡುವೆ ದೊಡ್ಡಾಸ್ಪತ್ರೆಯ ವೈದ್ಯರೊಬ್ಬರು ಹುಡುಗನಿಗೆ ಗಾಲಿಕುರ್ಚಿ ಕೊಡಿಸಿ, ಬೆನ್ನು ಬಾಗದಂತೆ ನೋಡಿಕೊಳ್ಳಿ ಎಂದು ಹೇಳಿದ್ದರು. "ಕುರ್ಚಿ ತಂದರೆ ಇನ್ನು ನಡೆಯೋದಿಲ್ಲ ಅಂತ ನಾವೇ ಒಪ್ಪಿಕೊಂಡ ಹಾಗೆ ಅಲ್ಲವೇ ಮೇಷ್ಟ್ರೇ? ಹೇಗೂ ಔಷಧಿ ಬರುತ್ತಲ್ಲ ಅಂದುಕೊಂಡೆವು." ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಎತ್ತಿಕೊಂಡು ಹೋಗುವ ಗೆಳೆಯರೂ ಇಲ್ಲದೆ ಹುಡುಗ ಎರಡು ವರ್ಷ ಮನೆಯೊಳಗೇ ಉಳಿದ. 2004ರಲ್ಲಿ ಖಾತೆಯ ಅವಧಿ ಮುಗಿದಾಗ ಆ ದುಡ್ಡಿನಲ್ಲಿಯೇ ಕುರ್ಚಿ ಬಂತು. ಅದರಲ್ಲಿ ಕುಳಿತು ಅವನು ಮೊದಲು ಹೋದದ್ದು ನಮ್ಮ ಶಾಲೆಯ ಮೈದಾನಕ್ಕಂತೆ. ಆವತ್ತು ಭಾನುವಾರ, ನಾನಿರಲಿಲ್ಲ.

ಅವರು ಇದನ್ನು ದೂರಾಗಿ ಹೇಳಲಿಲ್ಲ. ಮಂಡಿಯ ಲೆಕ್ಕ ಒಪ್ಪಿಸುವವರಂತೆ ಹೇಳಿದರು. ಕಾಫಿ ಬಂತು, ನನಗೆ ಸಕ್ಕರೆಯಿಲ್ಲದ್ದು ಬೇಕೆಂದು ಒಳಗೆ ಕೂಗಿ ಹೇಳಿದ್ದರು. ಕೊನೆಗೆ ಕೇಳಿದರು: "ಈಗಲಾದರೂ ಬಂತೇ ಆ ಔಷಧಿ?"

"ಇಲ್ಲ. ಅದು ಅವನ ಕಾಯಿಲೆಗೆ ಆಗುವ ಔಷಧಿ ಆಗಿರಲೇ ಇಲ್ಲ. ನಾನು ಗೊತ್ತಿಲ್ಲದೆ ಹೇಳಿದೆ. ತಪ್ಪಾಯಿತು" ಎಂದೆ. ಅವರು ತಲೆಯಾಡಿಸಿ, ಪುಸ್ತಕವನ್ನು ಮಡಚಿ ನನ್ನ ಕೈಗೆ ಕೊಟ್ಟರು.

ಪ್ರಿಯ ಶಿಷ್ಯರೇ, ನಿಮ್ಮಲ್ಲಿ ಕೆಲವರು ವೈದ್ಯರಾಗಿದ್ದೀರಿ, ಕೆಲವರು ಔಷಧಿ ಕಂಪನಿಗಳಲ್ಲಿದ್ದೀರಿ, ಹಲವರು ನನ್ನಂತೆ ಮೇಷ್ಟ್ರಾಗಿದ್ದೀರಿ. 'ಸಕ್ಕರೆ ಕಾಯಿಲೆಗೆ ಶಾಶ್ವತ ಪರಿಹಾರ ಸಿಕ್ಕಿತು' ಎಂಬಂಥ ಸುದ್ದಿಗಳು ವಾರಕ್ಕೊಂದರಂತೆ ನಿಮ್ಮಿಂದಲೇ ನನ್ನ ಮೊಬೈಲಿಗೆ ಬರುತ್ತವೆ. ಕಳಿಸುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳಿ. ಫಲ ಕಂಡದ್ದು ಇಲಿಯಲ್ಲೋ, ಮನುಷ್ಯರಲ್ಲೋ? ಮನುಷ್ಯರಲ್ಲಾದರೆ, ಆ ರೋಗಿಯಲ್ಲಿ ಇಲ್ಲದಿರುವುದನ್ನು ಅದು ತುಂಬುತ್ತದೆಯೋ, ಇರುವುದಕ್ಕೇ ಇನ್ನಷ್ಟು ಸೇರಿಸುತ್ತದೆಯೋ? ಇವೆರಡಕ್ಕೆ ಉತ್ತರ ತಿಳಿಯದಿದ್ದರೆ ಸುದ್ದಿಯನ್ನು ಹೇಳಿ, ದಿನಾಂಕವನ್ನು ಹೇಳಬೇಡಿ. ಕೇಳುವವರು ಆ ದಿನಾಂಕವನ್ನು ನಂಬಿ ಖಾತೆ ತೆರೆಯುತ್ತಾರೆ. ಜೊತೆಗೆ, ಗಾಲಿಕುರ್ಚಿಯ ವಿಷಯವನ್ನು ಆ ದಿನವೇ ಹೇಳಿ.

ನೋಟುಪುಸ್ತಕಗಳನ್ನು ಮತ್ತೆ ಬೀರುವಿನಲ್ಲಿಟ್ಟಿದ್ದೇನೆ. 'ಐದು ವರ್ಷ?' ಎಂದಿದ್ದ ಕಡೆ, ಅದರ ಕೆಳಗೆ, ಉತ್ತರವನ್ನು ಬರೆದು ಸಹಿ ಹಾಕಿದ್ದೇನೆ.

ನಿಮ್ಮೆಲ್ಲರ ಕ್ಷೇಮ ಬಯಸುವ,
ನಿಮ್ಮ ಮೇಷ್ಟ್ರು